ಕಾಲಿಗೆ ಕಟ್ಟಿದ ಮೊರ

ಆರನೆಯ ಬೆಟ್ಟವೂ ಆಯಿತು. ನಮ್ಮ ಮೊಮ್ಮಗಳು ಮತ್ತು ಅವಳ ಇಬ್ಬರು ಗೆಳತಿಯರು, ಮೂವರೂ ಒಟ್ಟಿಗೆ ಹಿಮದ ಮೇಲೆ ನಡೆದು, ಜಾರಿ, ತುದಿ ಮುಟ್ಟಿ ಇಳಿದು ಬಂದಿದ್ದಾರೆ. ಕೈಕಾಲು ಮುರಿದಿಲ್ಲ, ಹಿಮಕ್ಕೆ ಮೂಗು ಕೆಟ್ಟಿಲ್ಲ, ಮೂವರಿಗೂ ಹತ್ತು ಹತ್ತು ಬೆರಳಿವೆ. ನಾನೇ ಎಣಿಸಿದೆ. ಇವತ್ತು ಬೆಳಗ್ಗೆ ಈ ಸುದ್ದಿ ಕಿವಿಗೆ ಬಿದ್ದಾಗ ನಾನು ಅಂಗಳದಲ್ಲಿ ಕೂತು ಹುರುಳಿಕಾಳು ಕೇರುತ್ತಿದ್ದೆ. ಒಂದು ವರ್ಷದಿಂದ ಕೇರುತ್ತಲೇ ಇದ್ದೆ. ಇನ್ನು ಕೇರಬೇಕಾಗಿಲ್ಲ ಅನ್ನುವುದು ನನ್ನ ಸ್ವಂತದ ಖುಷಿ, ಅದನ್ನು ಬೇರೆ ಇಟ್ಟುಕೊಂಡಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ, ಕನ್ನಡದ ಇಸ್ಕೂಲಿನಲ್ಲಿ. ಮೊಮ್ಮಗಳು ಓದಿದ್ದೆಲ್ಲಾ ತಮಿಳಿನಲ್ಲಿ. ಮಾತು ಕನ್ನಡವೇ ಆದರೂ ಓದುವುದಕ್ಕೆ ಕೊಟ್ಟರೆ ಒಂದೊಂದು ಅಕ್ಷರವನ್ನೂ ಬೆರಳಲ್ಲಿ ಹಿಡಿದು ಕೂರುತ್ತಾಳೆ. ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಅದಕ್ಕೇ. ನನ್ನ ಹೆಂಡತಿಗೆ ಓದು ಬರುವುದೇ ಇಲ್ಲ. ಅದು ಇನ್ನೂ ದೊಡ್ಡ ಧೈರ್ಯ.

ನಮ್ಮದು ಉದ್ದನಪಲ್ಲಿ, ಗಡಿಯಾಚೆ ತಮಿಳುನಾಡಿಗೆ ಸೇರಿದ ಊರು. ಮೊಮ್ಮಗಳು ಹೊಸೂರಿನ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಒಂದು ವಾರ ಬೆಳಗಿನ ಶಿಫ್ಟು, ಇನ್ನೊಂದು ವಾರ ಮಧ್ಯಾಹ್ನದ ಶಿಫ್ಟು. ಒಂದೇ ಮೇಜಿನ ಮುಂದೆ ಕೂತು ಚಿಕ್ಕ ಚಿಕ್ಕ ಸ್ಕ್ರೂ ತಿರುಗಿಸುವ ಕೆಲಸದಲ್ಲಿ ಅವಳಿಗೆ ಇಬ್ಬರು ಗೆಳತಿಯರು ಸಿಕ್ಕರು. ಒಬ್ಬಳು ಧರ್ಮಪುರಿಯ ತಮಿಳು ಹುಡುಗಿ. ಇನ್ನೊಬ್ಬಳು ಕುಪ್ಪಂ ಕಡೆಯ ತೆಲುಗಿನವಳು, ಇವರಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಮೂರು ಭಾಷೆ ಕಲಸಿ ಮಾತಾಡುತ್ತಾರೆ, ನಗುವುದು ಮಾತ್ರ ಒಂದೇ ಥರ, ಅದು ಊರ ಆ ತುದಿಯವರೆಗೂ ಕೇಳುತ್ತದೆ.

ಈ ಮೂವರಿಗೆ ಹಿಮದ ಹುಚ್ಚು ಹಿಡಿದಿದ್ದು ಹೇಗೋ ನನಗೆ ಗೊತ್ತಿಲ್ಲ. ಫೋನಿನಲ್ಲಿ ನೋಡಿ ಹಿಡಿಯಿತು ಅನ್ನುತ್ತಾರೆ. ಹಿಮಾಚಲದ ಕಡೆ ಒಂದು ಕಣಿವೆ, ಅದರ ಸುತ್ತ ಆರು ಬೆಟ್ಟ. ಆ ಆರನ್ನೂ ಹತ್ತಬೇಕು. ಮಾಗಿಯ ಹಿಮ ಇರುವಾಗಲೇ ಹತ್ತಬೇಕು, ಮತ್ತು ಮೂವರೂ ಒಟ್ಟಿಗೆ ತುದಿಯಲ್ಲಿ ನಿಂತರೆ ಮಾತ್ರ ಲೆಕ್ಕ. ಇದು ಅವರೇ ಮಾಡಿಕೊಂಡ ಕಾನೂನು. ಬೇಸಿಗೆಯಲ್ಲಿ ಹೋದರೆ ಆಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಬೇಸಿಗೆಯಲ್ಲಿ ಅಲ್ಲಿಯ ಕುರಿಗಳೂ ಹತ್ತುತ್ತವೆ ಎಂದಳು. ಹಬ್ಬದ ದಿನವೆಲ್ಲಾ ಕೆಲಸ ಮಾಡಿ, ಬೇರೆಯವರ ಶಿಫ್ಟನ್ನೂ ತಾವೇ ಹೊತ್ತು, ಉಳಿಸಿಕೊಂಡ ರಜೆಯನ್ನು ಪೊಂಗಲ್ ರಜೆಗೆ ಸೇರಿಸಿ ವರ್ಷಕ್ಕೊಂದು ಸಲ ರೈಲು ಹತ್ತುತ್ತಿದ್ದರು. ಮೊದಲ ಮಾಗಿಯಲ್ಲಿ ಎರಡು ಬೆಟ್ಟ, ಮರುವರ್ಷ ಎರಡು.

ತಯಾರಿ ಎಲ್ಲಾ ಇಲ್ಲೇ. ಭಾನುವಾರ ಬಂದರೆ ಬೆನ್ನಿಗೆ ರಾಗಿ ತುಂಬಿದ ಚೀಲ ಹೊತ್ತು ರಾಯಕೋಟೆಯ ಬೆಟ್ಟ ಹತ್ತುತ್ತಿದ್ದರು. ಒಂದು ಸಲ ಕೆಳಗೆ ಕಾಫಿ ಕುಡಿಯುತ್ತಿದ್ದವರು, ಏನಮ್ಮಾ ಮೇಲೆ ಗಿರಣಿ ಇದೆಯಾ ಎಂದು ಕೇಳಿದರಂತೆ. ಜವಳಗಿರಿಯಲ್ಲಿರುವ ನನ್ನ ನಾದಿನಿಗೆ ಈ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ಆ ಬೆಟ್ಟದಲ್ಲಿ ಆನೆ ಇದೆಯಾ ಅಂತ. ಇಲ್ಲ ಎಂದಾಗ, ಆನೆ ಇಲ್ಲದ ಬೆಟ್ಟ ಹತ್ತುವುದಕ್ಕೆ ಇಷ್ಟೊಂದು ಸದ್ದು ಯಾಕೆ ಎಂದಳು.

ಗೆಳತಿಯರು ಇಬ್ಬರೂ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಜಾರುವವರು. ಸ್ಕೀ ಅಂತಾರೆ. ಜಾರುವ ಹಲಗೆಯಲ್ಲಿ ಮೇಲಕ್ಕೆ ಹೇಗೆ ಹತ್ತುತ್ತೀರಿ ಎಂದು ನಾನು ಕೇಳಿದೆ. ಹಲಗೆಯ ಅಡಿಗೆ ತುಪ್ಪಟದ ಪಟ್ಟಿಯೊಂದನ್ನು ಅಂಟಿಸುತ್ತಾರಂತೆ. ಹಸುವಿನ ಕುತ್ತಿಗೆ ನೇವರಿಸಿದ ಹಾಗೆ, ಒಂದು ಕಡೆಗೆ ಕೈ ಸಲೀಸಾಗಿ ಹೋಗುತ್ತದೆ, ಇನ್ನೊಂದು ಕಡೆಗೆ ತಡೆಯುತ್ತದೆ. ತುದಿಯಲ್ಲಿ ಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡು ಜುಯ್ಯೆಂದು ಇಳಿಯುವುದು. ನಮ್ಮವಳಿಗೆ ಜಾರುವುದೆಂದರೆ ಚಿಕ್ಕಂದಿನಿಂದ ಭಯ. ಅದಕ್ಕೆ ಅವಳದು ಹಿಮದ ಮೆಟ್ಟು, ಸ್ನೋಶೂ. ಅಗಲವಾದ ತಟ್ಟೆಯಂಥದ್ದನ್ನು ಬೂಟಿಗೆ ಕಟ್ಟಿಕೊಂಡರೆ ಕಾಲು ಹಿಮದಲ್ಲಿ ಹೂತುಹೋಗುವುದಿಲ್ಲ. ಇವೆಲ್ಲಾ ಅಲ್ಲಿಯೇ ಬಾಡಿಗೆಗೆ ಸಿಗುತ್ತವಂತೆ.

ಹೋದ ವರ್ಷ ಹೊರಡುವ ಹತ್ತು ದಿನ ಮೊದಲು ಆ ಮೆಟ್ಟಿನ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ನಾನು ನೋಡಿದೆ. ಅಷ್ಟೇನಾ ಎಂದೆ. ಇದು ನಮ್ಮ ಮೊರವೇ ತಾನೇ, ಇದಕ್ಕೆ ಬಾಡಿಗೆ ಬೇರೆ ಕೊಡುತ್ತೀರಾ ಎಂದೆ. ಅವಳು ನಕ್ಕಳು. ನಗದೆ ಇದ್ದಿದ್ದರೆ ಮುಂದಿನದು ಏನೂ ನಡೆಯುತ್ತಿರಲಿಲ್ಲ.

ಅವತ್ತು ನನ್ನ ಹೆಂಡತಿ ಜವಳಗಿರಿಗೆ ತಂಗಿಯ ಮನೆಗೆ ಹೋಗಿದ್ದಳು, ಸಂಜೆ ಬರುವವಳು. ಮಗ ಸೊಸೆ ಹೊಲದಲ್ಲಿದ್ದರು. ಮನೆಯಲ್ಲಿ ಎರಡು ಹೊಸ ಮೊರ ಗೋಡೆಗೆ ಒರಗಿಕೊಂಡಿದ್ದವು, ಗೌರಿ ಹಬ್ಬಕ್ಕೆ ತಂದು ಸಗಣಿ ಮೆಂತ್ಯ ಬಳಿದು ಒಣಗಿಸಿದ್ದು. ನಮ್ಮಲ್ಲಿ ಮೊರ ಅಂದರೆ ಲಕ್ಷ್ಮಿ. ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅದು ನನಗೆ ಗೊತ್ತಿರಲಿಲ್ಲ ಅಂತ ಹೇಳುವಂತಿಲ್ಲ. ಚೆನ್ನಾಗಿ ಗೊತ್ತಿತ್ತು. ಆದರೂ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು, ಹಗ್ಗ ಹೆಗಲಿಗೆ ಹಾಕಿಕೊಂಡು, ಮೊಮ್ಮಗಳನ್ನು ಕರೆದುಕೊಂಡು ಕೆರೆಗೆ ಹೋದೆ. ನೀರು ಹಿಂದಕ್ಕೆ ಸರಿದು ಕೆರೆಯಂಗಳದ ತುಂಬಾ ಮೊಣಕಾಲುದ್ದ ಕೆಸರು. ನಮ್ಮೂರಿನಲ್ಲಿ ಹಿಮಕ್ಕೆ ಹತ್ತಿರದ್ದು ಅದೇ.

ಮೊರ ಕಟ್ಟಿಕೊಂಡೆ. ಎದ್ದು ನಿಂತೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಕಾಲು ಹೂಳಲಿಲ್ಲ! ಮೊಮ್ಮಗಳು ದಂಡೆಯಲ್ಲಿ ನಿಂತು ಬಾಯಿಬಿಟ್ಟು ನೋಡುತ್ತಿದ್ದಳು. ನಾನು ಬಾತುಕೋಳಿಯ ಹಾಗೆ ಕಾಲು ಅಗಲಿಸಿಕೊಂಡು, ಕೈ ಬೀಸಿಕೊಂಡು ಎಂಟು ಹೆಜ್ಜೆ ನಡೆದೆ. ಆ ಎಂಟು ಹೆಜ್ಜೆಯನ್ನು ನನ್ನಿಂದ ಯಾರೂ ಕಿತ್ತುಕೊಳ್ಳುವ ಹಾಗಿಲ್ಲ.

ಅವತ್ತು ಜವಳಗಿರಿ ರಸ್ತೆಯಲ್ಲಿ ಆನೆಗಳು ಅಡ್ಡ ನಿಂತಿದ್ದವಂತೆ. ಬಸ್ಸು ಅರ್ಧ ದಾರಿಯಿಂದಲೇ ವಾಪಸ್ಸು. ನನ್ನ ಹೆಂಡತಿ ಸಂಜೆ ಬರಬೇಕಾದವಳು ಮಧ್ಯಾಹ್ನಕ್ಕೇ ಬಂದಳು. ಜೊತೆಗೆ ಬಸ್ಸಿಳಿದ ಇನ್ನೂ ಮೂರು ಹೆಂಗಸರು. ಕೆರೆ ಏರಿಯ ಮೇಲೆ ಸಾಲಾಗಿ ನಿಂತುಬಿಟ್ಟರು. ಒಂಬತ್ತನೆಯ ಹೆಜ್ಜೆಗೆ ನಾನು ತಲೆಯೆತ್ತಿ ಅವಳನ್ನು ನೋಡಿದೆ, ಎಡಗಾಲ ಮೊರದ ಮೇಲೆ ಬಲಗಾಲ ಮೊರ ಇಟ್ಟೆ, ಅಂಗಾತ ಬಿದ್ದೆ. ಎರಡು ಮೊರವೂ ಲಟಕ್ ಎಂದವು.

ಹೊರಗಿನವರ ಮುಂದೆ ನನ್ನ ಹೆಂಡತಿ ನನಗೆ ‘ನೀವು’ ಅನ್ನುತ್ತಾಳೆ. ಅವತ್ತು ನನ್ನ ಜೊತೆ ಮಾತೇ ಆಡಲಿಲ್ಲ. ಪಕ್ಕದವರಿಗೆ ಹೇಳಿದಳು.

“ಲಕ್ಷ್ಮೀನ ಮೆಟ್ಕಂಡು ಹೆಂಗೆ ಮೆರೀತಾವ್ನೆ ನೋಡ್ರಮ್ಮಾ.”

ಮೊಮ್ಮಗಳು ಹೋದಳು. ಐದನೆಯ ಬೆಟ್ಟ ಆಯಿತು ಎಂದು ಫೋನು ಬಂತು. ನಾಲ್ಕು ದಿನ ಬಿಟ್ಟು ಮತ್ತೆ ಫೋನು. ಈ ಸಲ ಆರನೆಯ ಬೆಟ್ಟದ ಸುದ್ದಿ. ಗಾಳಿ ಎದ್ದು, ಮಂಜು ಮುಸುಕಿ, ದಾರಿ ತೋರಿಸುವವನು ಇನ್ನು ಒಂದು ಹೆಜ್ಜೆಯೂ ಬೇಡ ಎಂದನಂತೆ.

“ತುದಿ ಕಾಣ್ತಿತ್ತು ತಾತ. ನಮ್ಮನೆಯಿಂದ ಬಸ್‌ಸ್ಟಾಪ್ ಇದ್ದಂಗೆ, ಅಷ್ಟೇ ದೂರ. ವಾಪಸ್ ಬಂದ್ಬುಟ್ವಿ.”

ಇನ್ನೊಂದು ಮಾತನ್ನೂ ಹೇಳಿದಳು. ಕುಪ್ಪಂನವಳ ಕಾಂಟ್ರಾಕ್ಟು ಇನ್ನೊಂದೇ ವರ್ಷ ಇರುವುದು, ಅದು ಮುಗಿದರೆ ಅವಳು ಗಂಡನ ಜೊತೆ ಬೇರೆ ಊರಿಗೆ ಹೊರಟುಹೋಗುತ್ತಾಳೆ. ಅಂದರೆ ಮೂವರೂ ಒಟ್ಟಿಗೆ ಇರುವುದು ಇನ್ನೊಂದೇ ಮಾಗಿ. ಆಗ ಆದರೆ ಆಯಿತು, ಇಲ್ಲದಿದ್ದರೆ ಆರು ಎನ್ನುವುದು ಯಾವತ್ತಿಗೂ ಐದೇ.

ನಾನು ಫೋನು ಕೆಳಗಿಟ್ಟು ತಿರುಗಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ಗಾಳಿ ಎದ್ದಿದ್ದು ಹಿಮಾಚಲದಲ್ಲಿ, ಮೊರ ಮುರಿದಿದ್ದು ಉದ್ದನಪಲ್ಲಿಯಲ್ಲಿ, ಎರಡಕ್ಕೂ ಏನು ಸಂಬಂಧ ಎಂದು ನಾನು ಕೇಳಬಹುದಿತ್ತು. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನ ಅವಳು ಹೊಸ ಜೋಡಿ ಮೊರ ತಂದು ನನ್ನ ಮುಂದೆ ಇಟ್ಟಳು.

“ಕಾಲಿಗೆ ಕಟ್ಕಂಡಿದ್ದನ್ನ ಈಗ ಕೈಯಲ್ಲಿ ಹಿಡಿ. ಮಗು ಆ ಬೆಟ್ಟ ಹತ್ತೋಗಂಟ ಈ ಮನೆ ಕಾಳೆಲ್ಲಾ ನೀನೇ ಕೇರ್ಬೇಕು.”

ನಮ್ಮ ಕಡೆ ಗಂಡಸರು ಮೊರ ಹಿಡಿಯುವುದಿಲ್ಲ. ಕಣದಲ್ಲಿ ರಾಗಿ ತೂರುತ್ತೇವೆ, ಅದು ನಿಂತು ಮಾಡುವ ಕೆಲಸ, ಗತ್ತಿರುತ್ತದೆ. ಮೊರ ಹಿಡಿದು ಅಂಗಳದಲ್ಲಿ ಕಾಲು ನೀಡಿಕೊಂಡು ಕೂರುವುದು ಹೆಂಗಸರ ಕೆಲಸ. ನಾನು ಕೂತೆ. ಮೊದಲನೇ ದಿನ ಹೊಟ್ಟೆಲ್ಲಾ ನನ್ನ ಮುಖಕ್ಕೆ, ಕಾಳೆಲ್ಲಾ ಕೋಳಿಗೆ. ಹೊಟ್ಟು ಹಾರಿಸುವುದನ್ನು ಒಂದು ತಿಂಗಳಲ್ಲಿ ಕಲಿತೆ. ಒನೆಯುವುದು ಮಾತ್ರ ಕೈಗೆ ಹತ್ತಲಿಲ್ಲ. ಒನೆಯುವುದು ಅಂದರೆ ಮೊರವನ್ನು ಮೆಲ್ಲಗೆ ಆಡಿಸಿ, ಕಲ್ಲು ಒಂದು ಕಡೆ, ಕಾಳು ಒಂದು ಕಡೆ ಮಾಡುವುದು. ನನ್ನ ಹೆಂಡತಿಯ ಕೈಯಲ್ಲಿ ಕಲ್ಲುಗಳು ಹೇಳಿದ ಮಾತು ಕೇಳುತ್ತವೆ. ನನ್ನ ಕೈಯಲ್ಲಿ ಕಾಳಿನ ಜೊತೆ ಅವೂ ಕುಣಿಯುತ್ತವೆ.

ನಮ್ಮ ಮನೆ ಇರುವುದು ಬಸ್‌ಸ್ಟಾಪಿನ ಎದುರಿಗೆ. ಊರಿಗೆ ಬರುವವರು ಹೋಗುವವರೆಲ್ಲಾ ನೋಡಿಕೊಂಡೇ ಹೋದರು. ಪಕ್ಕದ ಮನೆಯವಳು ತನ್ನ ಮನೆಯ ಎರಡು ಸೇರು ಉದ್ದನ್ನೂ ತಂದು ಪಕ್ಕದಲ್ಲಿಟ್ಟು, ಹೇಗೂ ಕೂತಿದ್ದೀಯಲ್ಲ ತಾತ ಎಂದಳು. ಟೀ ಅಂಗಡಿಯ ನನ್ನ ಹಳೇ ಜೊತೆಗಾರನಂತೂ ರಸ್ತೆಯ ಆ ಕಡೆಯಿಂದಲೇ ಕೂಗಿದ.

“ಏನ್ಲಾ, ಗೌರಿ ಹಬ್ಬಕ್ಕೆ ಬಾಗಿನ ಕೊಡಾಕೂ ನೀನೇ ಬತ್ತೀಯಾ? ಸೀರೆ ಯಾವ ಬಣ್ಣ ಕಣ್ಲಾ?”

ಹಸಿರು ಎಂದೆ. ನಿನ್ನ ಹೆಂಡತಿಯದೇ ಕೊಡು, ಅಳತೆ ಸರಿಹೋಗುತ್ತದೆ ಎಂದೆ. ಆಮೇಲೆ ಒಂದು ವಾರ ಅವನು ನನಗೆ ಟೀ ಕೊಡಲಿಲ್ಲ.

ನಂಬಿದ್ದೆನೋ ಇಲ್ಲವೋ ನನಗೇ ತಿಳಿಯದು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಮೊಮ್ಮಗಳು ಶಿಫ್ಟು ಮುಗಿಸಿ ಬಂದು ನನ್ನ ಪಕ್ಕ ಕೂತು, ಬೇಡ ಬಿಡು ತಾತ, ಹಿಮಕ್ಕೆ ಮೊರದ ವಿಷಯ ಗೊತ್ತಿಲ್ಲ ಎನ್ನುತ್ತಿದ್ದಳು. ಹಾಗೆ ಹೇಳಿದವಳು ಮಾರನೇ ದಿನ ಬಂದಾಗ ನಾನು ಕೇರುತ್ತಿದ್ದೇನಾ ಎಂದು ಮೊದಲು ಅಂಗಳ ನೋಡುತ್ತಿದ್ದಳು. ಅದನ್ನು ನಾನು ನೋಡಿಬಿಟ್ಟಿದ್ದೆ.

ಈ ಮಾಗಿ ಬಂತು. ಹೊರಡುವ ಮುಂಚೆ ನನ್ನ ಹೆಂಡತಿ ತಂಬಿಟ್ಟು ಕಟ್ಟಿದಳು. ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ ಬೀಜ, ಎಳ್ಳು. ರಾಗಿ ಕೇರಿದ್ದು ನಾನು. ಎಳ್ಳು ಕೇರಿದ್ದೂ ನಾನೇ. ಎಳ್ಳು ಎಷ್ಟು ಚಿಕ್ಕದು, ಅದರೊಳಗಿನ ಕಲ್ಲು ಎಷ್ಟು ಚಿಕ್ಕದು, ನನ್ನ ಕನ್ನಡಕ ಎಷ್ಟು ಹಳೆಯದು ಅನ್ನುವುದನ್ನು ಯಾರೂ ಯೋಚಿಸಲಿಲ್ಲ.

ಆಮೇಲೆ ಹದಿಮೂರು ದಿನ. ಅದರಲ್ಲಿ ಹನ್ನೊಂದನೆಯ ದಿನ ಒಂದೇ ಒಂದು ಫೋನು. ಬತ್ತಾ ಇದ್ದೀವಿ ಎಂದಳು, ಅಷ್ಟೇ, ಕಟ್ಟಾಯಿತು. ಧ್ವನಿಯಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ. ಮಗ, ಸಿಗ್ನಲ್ ಇಲ್ಲದ್ದಕ್ಕೆ ಹಾಗೆ ಎಂದ. ಸೊಸೆ ದೇವರ ಮನೆಗೆ ಹೋದಳು. ನನ್ನ ಹೆಂಡತಿ ಒಳಗೆ ಹೋಗಿ ಒಂದು ಮೂಟೆ ಹುರುಳಿ ಎಳೆದುಕೊಂಡು ಬಂದು ನನ್ನ ಮುಂದೆ ಇಳಿಸಿದಳು. ಅದರ ಅರ್ಥ ನನಗೆ ಆಯಿತು. ಆಗಲಿಲ್ಲ ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಇನ್ನು ಮೇಲೆ ಗಡುವೇ ಇಲ್ಲ, ಸಾಯುವ ತನಕ ನಾನು ಕೇರುವವನೇ.

ಇವತ್ತು ಬೆಳಗ್ಗೆ ಆ ಮೂಟೆಯಿಂದ ಒಂದು ಸೇರು ಮೊರಕ್ಕೆ ಸುರಿದುಕೊಂಡಿದ್ದೆ. ಹೊಟ್ಟು ಹಾರಿಸಿ ಆಗಿತ್ತು. ಒನೆಯಬೇಕು ಅನ್ನುವಷ್ಟರಲ್ಲಿ ಹೊಸೂರಿನ ಬಸ್ಸು ನಿಂತಿತು. ಮೂವರೂ ಇಳಿದರು. ಮುಖ ಸುಟ್ಟು ಕರ್ರಗಾಗಿದೆ, ಕಣ್ಣಿನ ಸುತ್ತ ಮಾತ್ರ ಕನ್ನಡಕದ ಆಕಾರದಲ್ಲಿ ಬೆಳ್ಳಗಿದೆ. ಮೂವರ ಮುಖವೂ ಸಾವಿನ ಮನೆಗೆ ಬಂದವರ ಹಾಗಿತ್ತು. ನನ್ನ ಕೈ ಮೊರದ ಮೇಲೆಯೇ ನಿಂತುಹೋಯಿತು. ಮೊಮ್ಮಗಳು ಚೀಲ ಇಳಿಸಿದಳು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಮೊರದ ಆ ಕಡೆ ಅಂಚು ಹಿಡಿದಳು.

“ಮೊರ ಕೆಳಗಿಡು ತಾತ. ಆಯ್ತು.”

ಏನಾಯಿತು ಎಂದು ಕೇಳಿದೆ, ದಡ್ಡನ ಹಾಗೆ. ಅಷ್ಟರಲ್ಲಿ ಕುಪ್ಪಂನವಳಿಗೆ ನಗು ತಡೆಯಲು ಆಗಲಿಲ್ಲ. ಮೂವರೂ ಒಟ್ಟಿಗೆ ನಕ್ಕಿದ್ದು ಕೇಳಿ ಟೀ ಅಂಗಡಿಯವನು ಈಚೆಗೆ ಬಂದ. ರೈಲಿನಲ್ಲಿ ಎರಡು ದಿನ ಇದೇ ನಾಟಕ ಅಭ್ಯಾಸ ಮಾಡಿಕೊಂಡು ಬಂದಿದ್ದರಂತೆ! ಹುಳುಕು ಬುದ್ಧಿ ಯಾರಿಂದ ಬಂತು ಎಂದು ಸೊಸೆ ಕೇಳಿದಳು. ಎಲ್ಲರೂ ನನ್ನನ್ನೇ ನೋಡಿದರು. ನಾನು ಅಳುತ್ತಿದ್ದೆ.

ಕಾಫಿ ಕುಡಿಯುತ್ತಾ ಹೇಳಿದರು. ಈ ಸಲ ಗಾಳಿ ಇರಲಿಲ್ಲ, ಬಿಸಿಲಿತ್ತು. ಹಿಮ ಮಾತ್ರ ತೊಡೆಯುದ್ದ. ಹೋದ ವರ್ಷ ಹಿಂತಿರುಗಿದ ಜಾಗಕ್ಕೆ ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಡೆದರಂತೆ, ನೋಡಿದರೆ ಎಲ್ಲಿ ದೃಷ್ಟಿಯಾಗುತ್ತದೋ ಅಂತ. ಕೊನೆಯ ಏರು ಗಾಜಿನ ಹಾಗೆ ಗಟ್ಟಿ. ಗೆಳತಿಯರು ಹಲಗೆ ಬಿಚ್ಚಿ ಹಿಮಕ್ಕೆ ಚುಚ್ಚಿ ನಿಲ್ಲಿಸಿ ಬೂಟುಗಾಲಲ್ಲಿ ಹತ್ತಿದರು. ನಮ್ಮವಳ ಮೆಟ್ಟಿಗೆ ಅಡಿಯಲ್ಲಿ ಕಬ್ಬಿಣದ ಮುಳ್ಳಿದ್ದುದರಿಂದ ಅವಳೇ ಮುಂದೆ. ತುದಿಯ ಹತ್ತಿರ ಬಂದು ನಿಂತಳು. ಮಿಕ್ಕ ಇಬ್ಬರೂ ಬಂದ ಮೇಲೆ ಕೈ ಹಿಡಿದುಕೊಂಡು ಒಂದೇ ಹೆಜ್ಜೆಯಲ್ಲಿ ಮೂವರೂ ಮೇಲಕ್ಕೆ. ಇಳಿಯುವಾಗ ಅವರಿಬ್ಬರೂ ಎಲೆಯಡಿಕೆ ಜಗಿಯುವಷ್ಟರಲ್ಲಿ ಕೆಳಗಿದ್ದರು. ನಮ್ಮವಳು ಅರ್ಧ ನಡೆದು, ಅರ್ಧ ಕೂತುಕೊಂಡು ಜಾರಿ, ಒಂದು ಗಂಟೆ ತಡವಾಗಿ ಬಂದಳು.

ಆಮೇಲೆ ಫೋಟೋ ತೋರಿಸಿದಳು. ದಾರಿ ತೋರಿಸುವವನು ತೆಗೆದಿದ್ದು. ನೀಲಿ ಆಕಾಶ, ಬೆಳ್ಳಗಿನ ತುದಿ. ಗೆಳತಿಯರಿಬ್ಬರೂ ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾರೆ. ನಡುವೆ ನಿಂತಿರುವ ನಮ್ಮವಳು ಒಂದು ಕಣ್ಣು ಮುಚ್ಚಿ, ಮುಖ ಕಿವುಚಿ, ಕೆನ್ನೆ ಹಿಡಿದುಕೊಂಡಿದ್ದಾಳೆ. ನಾಲ್ಕು ಮಾಗಿ ಕಾದು ತೆಗೆಸಿದ ಫೋಟೋ ಅದು. ಯಾಕೆ ಹಾಗೆ ನಿಂತಿದ್ದೀಯ ಮಗಾ, ಹಲ್ಲು ನೋವಾ ಎಂದು ನನ್ನ ಹೆಂಡತಿ ಗಾಬರಿಯಿಂದ ಕೇಳಿದಳು.

“ತಂಬಿಟ್ನಲ್ಲಿ ಕಲ್ಲು ಸಿಕ್ತು ಅಜ್ಜಿ. ತಾತ ಕೇರಿದ್ದಲ್ವಾ.”

ಧರ್ಮಪುರಿಯ ಹುಡುಗಿ ನನ್ನ ಕಡೆ ಬೆರಳು ತೋರಿಸಿ, “ಎನಕ್ಕುಂ ಒಣ್ಣು ಕೆಡಚ್ಚುದು ತಾತ್ತಾ” ಎಂದಳು. ಅವಳಿಗೂ ಒಂದು ಸಿಕ್ಕಿತ್ತಂತೆ. ಅವಳು ಉಗಿದುಬಿಟ್ಟಳು. ನಮ್ಮವಳು ಮಾತ್ರ ಕಲ್ಲನ್ನು ಕೈಗೆ ತೆಗೆದುಕೊಂಡು ನೋಡಿದಳಂತೆ. ಕೆಂಪಗೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು, ನಮ್ಮ ಅಂಗಳದ್ದೇ. ಬಿಸಾಡಲು ಮನಸ್ಸು ಬರಲಿಲ್ಲ, ತುದಿಯಲ್ಲಿ ಬಂಡೆಯ ಸಂದಿನಲ್ಲಿ ಇಟ್ಟು ಬಂದೆ ಎಂದಳು. ಅಷ್ಟು ಎತ್ತರದಲ್ಲಿ ಈಗ ನಮ್ಮ ಅಂಗಳದ ಒಂದು ಚೂರು ಕೂತಿದೆ. ನಾನು ಹೋಗಲಿಲ್ಲ, ನನ್ನ ಕೆಟ್ಟ ಕೆಲಸ ಹೋಯಿತು. ಇದನ್ನು ಕೇಳಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ರಸ್ತೆ ದಾಟಿ ಹೋಗಿ ಟೀ ಅಂಗಡಿಯಲ್ಲಿ ಕೂತಿದ್ದವರಿಗೆಲ್ಲಾ ಹೇಳಿ ಬಂದೆ.

ವಾಪಸ್ಸು ಬಂದರೆ ನನ್ನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬೆಟ್ಟ ಆಗಿದ್ದು ಸರಿ, ಆದರೆ ಮಗುವಿನ ಹಲ್ಲು ಹೋಗುತ್ತಿತ್ತಲ್ಲ ಎಂಬುದು ಅವಳ ವಾದ. ಗಡುವು ಮುಗಿಯಿತು ಎಂದು ನಾನು. ಕೆಲಸ ಕಲಿಯಲಿಲ್ಲ ಎಂದು ಅವಳು. ಕೊನೆಗೆ ಮೊಮ್ಮಗಳು ನ್ಯಾಯ ಹೇಳಿದಳು. ಸಂಜೆಯ ಊಟಕ್ಕೆ ಬೆಳಗ್ಗೆ ತಾತ ಕೇರಿದ ಹುರುಳಿಯನ್ನೇ ಬೇಯಿಸಬೇಕು. ಯಾರ ಹಲ್ಲಿಗೂ ಕಲ್ಲು ಸಿಗದಿದ್ದರೆ ತಾತ ಬಿಡುಗಡೆ. ಒಂದು ಸಿಕ್ಕರೂ ಇನ್ನೊಂದು ವರ್ಷ.

ಎಲ್ಲರೂ ಒಪ್ಪಿದರು. ನಾನೂ ತಲೆಯಾಡಿಸಿದೆ. ಬಸ್ಸು ಬಂದ ಗಡಿಬಿಡಿಯಲ್ಲಿ ಆ ಒಂದು ಸೇರನ್ನು ನಾನು ಒನೆದೇ ಇರಲಿಲ್ಲ ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು. ಹೇಳೋಣ ಎಂದು ಅಡಿಗೆಮನೆಗೆ ಎರಡು ಸಲ ಹೋದೆ. ಸೊಸೆ ಕಾಳನ್ನು ತೊಳೆದು ಒಲೆಗೆ ಇಟ್ಟಾಗಿತ್ತು.

ಸಂಜೆ ನಡುಮನೆಯಲ್ಲಿ ಎದುರುಬದುರು ಎರಡು ಸಾಲಾಗಿ ಕೂತೆವು. ನಾನು, ಮಗ, ಮೊಮ್ಮಗಳು, ಅವಳ ಗೆಳತಿಯರು. ಸೊಸೆ ಬಡಿಸಿ ತಾನೂ ಕೂತಳು. ಎರಡು ಮೊರಕ್ಕೂ ಅರಿಸಿನ ಕುಂಕುಮ ಇಟ್ಟು ಗೋಡೆಗೆ ಒರಗಿಸಿದ್ದ ನನ್ನ ಹೆಂಡತಿ, ಅವುಗಳ ಪಕ್ಕದಲ್ಲೇ, ನನ್ನ ಮುಖ ಚೆನ್ನಾಗಿ ಕಾಣುವ ಹಾಗೆ ಕೂತಳು. ಬಿಸಿ ಮುದ್ದೆ, ಹುರುಳಿ ಬಸ್ಸಾರು, ಪಕ್ಕದಲ್ಲಿ ಕಾಳಿನ ಪಲ್ಯ. ನಾವು ಮುದ್ದೆ ಅನ್ನುತ್ತೇವೆ, ಧರ್ಮಪುರಿಯವಳು ಕಳಿ, ಕುಪ್ಪಂನವಳು ಸಂಗಟಿ. ಮೂವರೂ ಹುಟ್ಟಿದಂದಿನಿಂದ ಅಗಿಯದೆ ನುಂಗುವವರೇ, ಅದು ನನ್ನ ಪುಣ್ಯ. ಪಲ್ಯ ಮಾತ್ರ ಅಗಿಯಲೇಬೇಕು.

ಮಗ ತಿಂದ, ಏನೂ ಇಲ್ಲ. ಸೊಸೆಗೂ ಇಲ್ಲ. ಗೆಳತಿಯರು ಬಟ್ಟಲು ಖಾಲಿ ಮಾಡಿ ಇನ್ನಷ್ಟು ಹಾಕಿಸಿಕೊಂಡರು. ಮುಂದಿನ ವರ್ಷ ಎಲ್ಲಿದ್ದರೂ ಪೊಂಗಲ್‌ಗೆ ಈ ಮನೆಗೇ ಬರುತ್ತೇನೆ ಎಂದು ಕುಪ್ಪಂನವಳು ಹೇಳಿದಳು. ಮೊಮ್ಮಗಳು ಅವಳ ತೊಡೆಗೆ ಗುದ್ದಿದಳು. ನಾನೂ ಧೈರ್ಯ ಮಾಡಿ ಒಂದು ತುತ್ತು ಪಲ್ಯ ಬಾಯಿಗೆ ಹಾಕಿಕೊಂಡೆ.

ಕಟಕ್.

ನನ್ನ ತಲೆಯೊಳಗೆ ಬಂಡೆ ಉರುಳಿದ ಹಾಗೆ ಕೇಳಿಸಿತು. ನನ್ನ ಹೆಂಡತಿ ಅಗಿಯುವುದನ್ನು ನಿಲ್ಲಿಸಿದಳು. ನಾನು ಉಸಿರು ಹಿಡಿದು, ಒಂದು ದೊಡ್ಡ ತುತ್ತು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಕಲ್ಲಿನ ಸಮೇತ ನುಂಗಿದೆ. ಎದುರಿಗೆ ಮೊಮ್ಮಗಳು ನನ್ನನ್ನೇ ಅಣಕಿಸುತ್ತಾ ಒಂದು ಕಣ್ಣು ಮುಚ್ಚಿ, ಕೆನ್ನೆ ಹಿಡಿದುಕೊಂಡು ಕೂತಿದ್ದಳು, ಥೇಟ್ ಆ ಫೋಟೋದಲ್ಲಿ ನಿಂತ ಹಾಗೆಯೇ.

“ಏನ್ರೀ, ಏನಾಯ್ತು ನಿಮಗೆ?” ಎಂದಳು ನನ್ನ ಹೆಂಡತಿ, ಹೊರಗಿನವರು ಇದ್ದುದರಿಂದ.

“ಏನೂ ಇಲ್ಲ, ಪಲ್ಯ ಬೋ ಚೆನ್ನಾಗದೆ. ಇನ್ನರ್ಧ ಮುದ್ದೆ ಇಕ್ಕು” ಎಂದೆ.

ಅವಳು ಅರ್ಧ ಅಲ್ಲ, ಇಡೀ ಮುದ್ದೆಯನ್ನೇ ಇಕ್ಕಿದಳು, ಅದರ ಪಕ್ಕಕ್ಕೆ ಎರಡು ಸೌಟು ಪಲ್ಯ. ಎಲ್ಲರೂ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಪೂರ್ತಿ ತಿಂದೆ.